ಮೇಟ್ರನ್ ಊರಿನ ಮೈಲಿಗಲ್ಲು

ಸೌದಿಯ ತಾಯಿಫ್‌ನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಮೂರನೆಯ ವಾರವೋ ಏನೋ. ಮಧ್ಯಾಹ್ನದ ಬಿಡುವಿನಲ್ಲಿ ನರ್ಸುಗಳ ಕೋಣೆಯ ಮೂಲೆಯಲ್ಲಿ ಕುಳಿತು ಬುತ್ತಿ ಬಿಚ್ಚಿದ್ದೆ. ಕುಚ್ಚಲಕ್ಕಿ ಅನ್ನ, ಅದರ ಮಗ್ಗುಲಿಗೆ ಊರಿನಿಂದ ಉಮ್ಮ ಕಟ್ಟಿಕೊಟ್ಟಿದ್ದ ಒಣಸಿಗಡಿಯ ಚಟ್ನಿ. ಉಡುಪಿ ಕಡೆಯ ಸಹೋದ್ಯೋಗಿಯೊಬ್ಬಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು.

"ಎಂತ ಮಾರಾಯ್ತಿ, ಇಡೀ ಫ್ಲೋರಿಗೆ ವಾಸನೆ ಹೊಡೀತಾ ಉಂಟು. ಮೇಟ್ರನ್ ಬಂದ್ರೆ ನಮ್ಮ ಕಥೆ ಮುಗೀತು!"

ಅವಳ ಮಾತು ಮುಗಿಯುವ ಮೊದಲೇ ನರ್ಸುಗಳೆಲ್ಲರ ಮೇಲಧಿಕಾರಿಯಾದ ಮೇಟ್ರನ್ ಬಾಗಿಲಲ್ಲಿ ನಿಂತಿದ್ದರು. ಸ್ಕಾಟ್ಲೆಂಡಿನವರು. ಆಗಲೇ ಐವತ್ತೈದು ದಾಟಿತ್ತು. ಎತ್ತರದ ಆಳು, ಗಿಡ್ಡಗೆ ಕತ್ತರಿಸಿದ ನರೆಗೂದಲು. ಹಾಸಿಗೆಯ ಹೊದಿಕೆಯ ಮಡಿಕೆ ಒಂದು ಬೆರಳಷ್ಟು ಆಚೀಚೆಯಾದರೂ ಬಿಚ್ಚಿ ಮತ್ತೆ ಹಾಸಿಸುತ್ತಿದ್ದರು. ನಾನು ಡಬ್ಬಿಯ ಮುಚ್ಚಳಕ್ಕೆ ತಡಕಾಡಿದೆ. ಅವರು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು.

"ಇದು ನನ್ನಜ್ಜಿಯ ಅಡುಗೆಮನೆಯ ವಾಸನೆ. ಒಂದು ಚಮಚ ಕೊಡುತ್ತೀಯಾ?" ಎಂದರು.

ಖಾರಕ್ಕೆ ಅವರ ಮುಖ ಕೆಂಪೇರಿತು. ಆದರೂ ಇನ್ನೊಂದು ಚಮಚ ಕೇಳಿದರು. ಅವರ ಅಜ್ಜಿ ಸ್ಕಾಟ್ಲೆಂಡಿನ ಫೈಫ್ ಕರಾವಳಿಯವರಂತೆ. ಹದಿನಾರನೆಯ ವಯಸ್ಸಿನಿಂದ ಮೀನಿನ ದೋಣಿಗಳ ಹಿಂದೆ ಬಂದರಿನಿಂದ ಬಂದರಿಗೆ ಹೋಗಿ, ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಹೆರಿಂಗ್ ಮೀನಿನ ಹೊಟ್ಟೆ ಸೀಳಿ ಉಪ್ಪು ತುಂಬುವ ಕೆಲಸ ಮಾಡಿದವರು. ನಾನೂ ಧೈರ್ಯ ತಂದುಕೊಂಡು, ನನ್ನ ತಂದೆ ಉಳ್ಳಾಲದಲ್ಲಿ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಮನೆಮನೆಗೆ ಮೀನು ಮಾರುತ್ತಿದ್ದವರು ಎಂದೆ. ಆ ಕೋಣೆಯಲ್ಲಿ ಅದುವರೆಗೆ ಯಾರಿಗೂ ಅದನ್ನು ಹೇಳಿರಲಿಲ್ಲ. ಮೇಟ್ರನ್ ಎದ್ದು ಹೋಗುವಾಗ, "ಹಾಗಾದರೆ ನಾವಿಬ್ಬರೂ ಒಂದೇ ಕಸುಬಿನ ಮನೆಯವರು" ಎಂದರು. ಅಂದಿನಿಂದ ಅವರ ಬಗ್ಗೆ ಇದ್ದ ಭಯ ಅರ್ಧ ಕಡಿಮೆಯಾಯಿತು. ಉಳಿದರ್ಧ ಇರಲೆಂದು ಅವರೇ ನೋಡಿಕೊಂಡರು.

ಹೆಂಗಸರಿಗೆ ಗಾಡಿ ಓಡಿಸಲು ಅನುಮತಿ ಬಂದ ಮೇಲೆ ಮೇಟ್ರನ್ ಒಂದು ಹಳೆಯ ಬಿಳಿ ಕಾರು ಕೊಂಡರು. ತಮ್ಮ ದೇಶದಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ಓಡಿಸಲು ಕಲಿತವರು, ಇಲ್ಲಿ ಹತ್ತಾರು ವರ್ಷ ಹಿಂದಿನ ಸೀಟಿನಲ್ಲಿ ಕುಳಿತು ಬೇಸತ್ತಿದ್ದರು. ನನ್ನ ಗಂಡ ತಾಯಿಫ್‌ನಲ್ಲೇ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಸೇಲ್ಸ್‌ಮ್ಯಾನ್. ಗಂಡನೇ ಹಿಡಿದು ಎಳೆದು ನನ್ನನ್ನೂ ಡ್ರೈವಿಂಗ್ ಶಾಲೆಗೆ ಸೇರಿಸಿದರು. ಲೈಸೆನ್ಸ್ ಬಂತು. ಆದರೆ ಆಸ್ಪತ್ರೆಗೂ ಮನೆಗೂ ಬಿಟ್ಟರೆ ಬೇರೆಲ್ಲಿಗೂ ಓಡಿಸಲು ಧೈರ್ಯ ಬರುತ್ತಿರಲಿಲ್ಲ.

"ಶುಕ್ರವಾರ ಬೆಳಿಗ್ಗೆ ಬಾ, ನನ್ನ ಜೊತೆ" ಎಂದರು ಮೇಟ್ರನ್. "ನನಗೆ ಬೋರ್ಡು ಓದಿ ಹೇಳುವವರು ಬೇಕು. ನಿನಗೆ ಅರಬ್ಬೀ ಅಕ್ಷರ ಬರುತ್ತದಲ್ಲ?"

ಮದ್ರಸದಲ್ಲಿ ಕಲಿತ ಅಕ್ಷರ ಬರುತ್ತಿತ್ತು, ಅರ್ಥ ಅರೆಬರೆ. ಅಷ್ಟೇ ಸಾಕೆಂದರು. ಮೂರು ವರ್ಷ ತಾಯಿಫ್ ಸುತ್ತಲಿನ ಒಂದು ಹಾದಿಯನ್ನೂ ನಾವು ಬಿಡಲಿಲ್ಲ. ಶಫಾ ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಕಾವಲು ಗೋಪುರಗಳು, ಬೆಟ್ಟದ ಮಗ್ಗುಲಿಗೆ ಮೆಟ್ಟಿಲಾಗಿ ಇಳಿಯುವ ಗುಲಾಬಿ ಗದ್ದೆಗಳು, ಹದಾ ಘಾಟಿಯಲ್ಲಿ ಈಗಿನ ಡಾಂಬರು ರಸ್ತೆಯ ಪಕ್ಕದಲ್ಲೇ ಉಳಿದಿರುವ ಒಂಟೆಗಳ ಕಲ್ಲುಹಾಸಿನ ಹಳೆಯ ದಾರಿ. ಸೈಸದ್ ಎಂಬಲ್ಲಿ ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಅಣೆಕಟ್ಟಿನ ಪಕ್ಕದ ಬಂಡೆಯ ಮೇಲೆ ಏನೋ ಕೆತ್ತಿದ್ದಾರೆ. ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಮಾತ್ರ ಇರುವ ಆ ಹಳೆಯ ಅಕ್ಷರದೆದುರು ನಾನು ಅರ್ಧ ಗಂಟೆ ನಿಂತು "ಅಲ್ಲಾಹ್" ಎಂಬ ಒಂದು ಪದವನ್ನು ಮಾತ್ರ ಓದಿದೆ. ಮೇಟ್ರನ್ ಅದನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಏನು ನೋಡಿದರೂ ಅವರಿಗೆ ತಮ್ಮ ಊರಿನ ನೆನಪು. ಒಂಟೆ ದಾರಿ ನೋಡಿದರೆ, ದ್ವೀಪಗಳಿಂದ ದನಗಳ ಹಿಂಡನ್ನು ನಡೆಸಿಕೊಂಡು ಬೆಟ್ಟ ದಾಟಿ ಸಂತೆಗೆ ಬರುತ್ತಿದ್ದ ತಮ್ಮ ಕಡೆಯ ದನಗಾಹಿಗಳ ದಾರಿ. ಗಟ್ಟಿ ನೆಲದಲ್ಲಿ ಗೊರಸು ಸವೆಯದಿರಲೆಂದು ದನಗಳಿಗೂ ಲಾಳ ಹೊಡೆಯುತ್ತಿದ್ದರಂತೆ. "ನಿವೃತ್ತಿಯಾದ ಮೇಲೆ ನನ್ನ ಸೀಮೆಯ ಹಳೆಯ ರಸ್ತೆಗಳ ಬಗ್ಗೆ ಒಂದು ಪುಸ್ತಿಕೆ ಬರೆಯಬೇಕು. ಆಗ ನೀನು ಬರಬೇಕು, ಕೂರಿಸಿಕೊಂಡು ತೋರಿಸುತ್ತೇನೆ" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಹೋಗುವ ಮಾತೆಲ್ಲಿ ಬಂತು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಹದಾ ಘಾಟಿಯಲ್ಲಿ ಇಳಿಯುತ್ತಿದ್ದೆವು. ತೆಳ್ಳಗೆ ಮಂಜು. ಮೇಟ್ರನ್ ಇದ್ದಕ್ಕಿದ್ದಂತೆ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದರು. ಸ್ಟಿಯರಿಂಗ್ ಹಿಡಿದ ಕೈ ಬಿಡಲಿಲ್ಲ.

"ನೀನು ಓಡಿಸು."

"ನಾನಾ? ಘಾಟಿಯಲ್ಲಾ?"

"ಬಿಳಿ ಗೆರೆ ನನಗೆ ಸೊಟ್ಟ ಕಾಣುತ್ತಿದೆ."

"ಘಾಟಿಯಲ್ಲವಾ ಮೇಡಂ, ಎಲ್ಲ ಗೆರೆಯೂ ಸೊಟ್ಟವೇ" ಎಂದು ನಾನು ನಕ್ಕೆ. ಅವರು ನಗಲಿಲ್ಲ. ನೇರವಾಗಿದ್ದ ತುಂಡು ರಸ್ತೆಯನ್ನು ಬೆರಳಿನಿಂದ ತೋರಿಸಿ, "ಅಲ್ಲಿ. ಅಲ್ಲೂ ಸೊಟ್ಟ" ಎಂದರು.

ಸೀಟು ಬದಲಾಯಿಸಿದೆವು. ತಡೆಗೋಡೆಯ ಮೇಲೆ ಕೋತಿಗಳ ಸಾಲು, ಹಿಂದೆ ಲಾರಿಗಳ ಹಾರ್ನ್. ಬಿಸ್ಮಿಲ್ಲಾ ಎಂದು ಬ್ರೇಕಿನಿಂದ ಕಾಲು ತೆಗೆದೆ. ಬುಡದವರೆಗೆ ಇಳಿದು, ತಿರುಗಿಸಿ, ಮತ್ತೆ ಮೇಲೆ ತಂದು ಅವರ ಮನೆ ಮುಟ್ಟಿಸಿದಾಗ ನನ್ನ ಬೆನ್ನು ಒದ್ದೆ. ಅಂಥ ಘಾಟಿಯಲ್ಲಿ ಓಡಿಸಿದೆನೆಂಬ ಹೆಮ್ಮೆಯಲ್ಲಿ ನಾನು ಅವರ ಮುಖ ನೋಡಲೇ ಇಲ್ಲ. ನರ್ಸ್ ಆಗಿದ್ದೂ ನೋಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಬೈದುಕೊಂಡಿದ್ದೇನೆ. ಮರುವಾರ ಕಣ್ಣಿನ ಡಾಕ್ಟರು, ಅಕ್ಷಿಪಟಲದ ನಡುಭಾಗ ಸವೆಯುತ್ತಿದೆ ಎಂದರು. ಮೇಟ್ರನ್ ಇನ್ನೂ ಒಂದು ವರ್ಷ ಇರುವವರಿದ್ದರು. ಔಷಧದ ಚೀಟಿ ಓದಲು ತಡವರಿಸುವವಳು ಈ ಕುರ್ಚಿಯಲ್ಲಿ ಕೂರಬಾರದು ಎಂದು ತಾವೇ ರಾಜೀನಾಮೆ ಕೊಟ್ಟು ಊರಿಗೆ ಹೋದರು.

ಎರಡು ವರ್ಷದ ನಂತರ ಒಂದು ಸಂಜೆ ಅವರ ಫೋನು. ಪುಸ್ತಿಕೆ ಮುಕ್ಕಾಲು ಮುಗಿದಿದೆ. ಊರಿನ ಇತಿಹಾಸದ ಕೂಟದವರು ಇವರಿಗೆ ಒಂದು ರಸ್ತೆಯ ಹಳೆಯ ಮೈಲಿಗಲ್ಲುಗಳ ಪಟ್ಟಿ ಮಾಡುವ ಕೆಲಸ ಒಪ್ಪಿಸಿದ್ದಾರೆ. ಅದರಲ್ಲಿ ಒಂದು ಸಿಕ್ಕಿಲ್ಲ. ಊರಿನಲ್ಲಿದ್ದ ಅವರ ಕಾರು ಶೆಡ್ಡಿನಲ್ಲಿದೆ, ಕಣ್ಣಿನ ದೆಸೆಯಿಂದ ಓಡಿಸಲು ಅವರಿಗೆ ಇನ್ನು ಅನುಮತಿಯಿಲ್ಲ.

"ಕೂರಿಸಿಕೊಂಡು ತೋರಿಸುತ್ತೇನೆ ಎಂದಿದ್ದೆ. ಈಗ ನೀನೇ ನನ್ನನ್ನು ಕೂರಿಸಿಕೊಳ್ಳಬೇಕು. ಬರುತ್ತೀಯಾ?"

ನನ್ನ ಗಂಡ ಮೊದಲು ನಂಬಲಿಲ್ಲ. "ರಜೆ ಸಿಗುವುದೇ ವರ್ಷಕ್ಕೊಮ್ಮೆ. ಊರಿಗೆ ಹೋಗುವುದು ಬಿಟ್ಟು ಸ್ಕಾಟ್ಲೆಂಡಾ? ಅಲ್ಲಿ ಎಂತ ಉಂಟು?"

"ಮೈಲಿಗಲ್ಲು ಹುಡುಕ್ಲಿಕ್ಕೆ ಉಂಟು."

ಅವರು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡರು. "ನಿನಗೆ ಡೆಲಿವರಿಯಲ್ಲಿ ರಕ್ತ ನಿಲ್ಲದೆ ಇದ್ದಾಗ ಎರಡು ದಿವಸ ಮನೆಗೆ ಹೋಗದೆ ಕೂತವರು ಅವರು. ಹೋಗಿ ಬಾ. ಮಗಳನ್ನು ನಾನು ನೋಡಿಕೊಳ್ತೇನೆ. ಹತ್ತೇ ದಿವಸ, ಆಮೇಲೆ ಸೀದಾ ಮಂಗಳೂರಿಗೆ ಬಂದು ನಮ್ಮನ್ನು ಸೇರಬೇಕು." ವೀಸಾದ ಕೆಲಸಕ್ಕೆ ಜಿದ್ದಾಕ್ಕೆ ಎರಡು ಸಲ ನನ್ನನ್ನು ಕರೆದುಕೊಂಡು ಹೋದವರೂ ಅವರೇ.

ಎಡಿನ್‌ಬರೋದಲ್ಲಿ ಇಳಿದು, ರೈಲು ಹಿಡಿದು, ಆಮೇಲೆ ಬಸ್ಸಿನಲ್ಲಿ ಮೇಟ್ರನ್ ಊರು ತಲುಪಿದೆ. ಕಡಲತಡಿಯ ಪುಟ್ಟ ಹಳ್ಳಿ. ಬಸ್ಸಿನಿಂದ ಇಳಿದು ತಲೆಯೆತ್ತಿದರೆ ಮನೆಗಳ ಮೇಲೆಲ್ಲ ಕೆಂಪು ಹೆಂಚು! ಹಡಗಿನವರು ಹಾಲೆಂಡ್ ಕಡೆಯಿಂದ ತಂದು ಬಳಕೆಗೆ ಬಂದದ್ದು ಎಂದು ಆಮೇಲೆ ಮೇಟ್ರನ್ ಹೇಳಿದರು. ನನಗಂತೂ ಆ ಕ್ಷಣ ಉಳ್ಳಾಲದ ಪಕ್ಕದ ತೊಕ್ಕೊಟ್ಟಿನಲ್ಲಿ ಬಸ್ಸಿಳಿದ ಹಾಗಾಯಿತು.

ಅವರು ಗೇಟಿನ ಹತ್ತಿರ ನಿಂತಿದ್ದರು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡು. ನನ್ನನ್ನಲ್ಲದೆ ಬೇರೆ ಯಾರನ್ನೋ ನೋಡುತ್ತಿದ್ದಾರೆ ಅನ್ನಿಸಿತು.

"ನೇರ ನೋಡಿದರೆ ನಡುವೆ ಬರೀ ಮಬ್ಬು. ಅಂಚುಗಳು ಮಾತ್ರ ಕಾಣುತ್ತವೆ. ನಿನ್ನ ಮುಖ ಇಲ್ಲ, ಶಾಲಿನ ಅಂಚು ಇದೆ. ನೀಲಿ, ಅಲ್ಲವಾ?" ಎಂದರು.

ನೀಲಿಯೇ. ಅವರ ಕೈ ಹಿಡಿದುಕೊಂಡೆ. ಒಳಗೆ ನನಗೆಂದು ಕೊಟ್ಟ ಕೋಣೆಯಲ್ಲಿ ಒಂದು ಮೂಲೆಯ ಕುರ್ಚಿ ತೆಗೆದು, ತೊಳೆದ ಟವೆಲ್ ಹಾಸಿ, ನೆಲಕ್ಕೆ ಒಂದು ತುಂಡು ಟೇಪು ಅಂಟಿಸಿದ್ದರು. "ಪಕ್ಕದ ಮನೆಯವರ ಫೋನಿನಲ್ಲಿ ನೋಡಿಸಿದೆ. ಮಕ್ಕಾ ಆ ಕಡೆ" ಎಂದರು.

ಗಾಡಿಯದು ಬೇರೆಯೇ ಕಥೆ. ಗೇರಿನ ಗೋಜಿಲ್ಲದ ಗಾಡಿ, ಅಷ್ಟು ಪುಣ್ಯ. ಕೆಲವೇ ದಿನದ ವಿಮೆಯನ್ನು ಅವರೇ ಮಾಡಿಸಿಟ್ಟಿದ್ದರು. ಆದರೆ ಅಲ್ಲಿ ನಮ್ಮ ಊರಿನ ಹಾಗೆ ಎಡಗಡೆ ಓಡಿಸಬೇಕು. ಊರಿನಲ್ಲಿ ನಾನು ಯಾವತ್ತೂ ಓಡಿಸಿದವಳಲ್ಲ. ಕಲಿತದ್ದೆಲ್ಲ ಬಲಗಡೆ. ಮೊದಲ ದಿನ ಎರಡು ಸಲ ತಪ್ಪು ಬಾಗಿಲು ತೆರೆದು ಮೇಟ್ರನ್ ಮಡಿಲಲ್ಲೇ ಕೂರುವುದೊಂದು ಬಾಕಿ. ವೃತ್ತ ಬಂದಾಗಲೆಲ್ಲ ಅವರು "ಎಡ, ಎಡ, ಎಡ" ಎಂದು ಜಪ ಮಾಡುತ್ತಿದ್ದರು. ದಾಟಿದ ಮೇಲೆ "ಖಲಾಸ್, ಯಲ್ಲಾ!" ತಾಯಿಫ್ ಬಿಟ್ಟು ಎರಡು ವರ್ಷವಾದರೂ 'ಮುಗಿಯಿತು, ನಡಿ' ಎನ್ನುವ ಆ ಎರಡು ಅರಬ್ಬೀ ಮಾತು ಅವರ ಬಾಯಿಂದ ಹೋಗಿರಲಿಲ್ಲ.

ಊರ ಹೊರಗಿನ ಕಿರುದಾರಿಗಳಲ್ಲಿ ಒಂದೇ ಗಾಡಿ ಹೋಗುವಷ್ಟು ಜಾಗ. ಅಲ್ಲಲ್ಲಿ ಬದಿಗೆ ಸರಿದು ನಿಲ್ಲಲು ಒಂದಿಷ್ಟು ಅಗಲ ಬಿಟ್ಟಿರುತ್ತಾರೆ. ಎದುರಿನವರು ನಿಂತರೆ ನಾವು ದಾಟುವಾಗ ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳು ಎತ್ತಬೇಕು. ಅದೇ ಕೃತಜ್ಞತೆ. ನಾನು ಮೊದಲ ಸಲ ಇಡೀ ಕೈ ಎತ್ತಿ ಸಲಾಂ ಹೇಳಿದೆ. ಬದಿಗೆ ನಿಂತಿದ್ದ ಟ್ರ್ಯಾಕ್ಟರಿನವನು ಗಾಬರಿಯಾಗಿ ಇಳಿದೇ ಬಂದು ಏನಾಯಿತೆಂದು ಕೇಳಿದ.

ದಾರಿಯನ್ನು ಮೇಟ್ರನ್ ಬಾಯಿಪಾಠವಾಗಿ ಹೇಳುತ್ತಿದ್ದರು. "ಈಗ ಬಾರ್ಲಿ ಗದ್ದೆ. ಈಗ ಇಳಿಜಾರು. ಈಗ ಬಲಕ್ಕೆ ಸಮುದ್ರ ಬರುತ್ತದೆ, ನನಗೂ ಕಾಣುತ್ತದೆ, ಸುಮ್ಮನಿರು." ಅವರಿಗೆ ಕಾಣದ್ದು ಎದುರಿಗಿದ್ದದ್ದು ಮಾತ್ರ. ಬೋರ್ಡು, ಕಲ್ಲು, ಗೋಡೆಯ ಮೇಲಿನ ಬರಹ. ಅದನ್ನೆಲ್ಲ ನಾನು ಓದಿ ಹೇಳಬೇಕು.

ಕ್ರೇಲ್ ಎಂಬ ಹಳೆಯ ಬಂದರು ಪಟ್ಟಣಕ್ಕೆ ಎರಡನೆಯ ದಿನ ಹೋದೆವು. ಚರ್ಚಿನ ಹೊರಗೆ ಒಂದು ನೀಲಿಛಾಯೆಯ ಬಂಡೆ. ಸೈತಾನ ಸಿಟ್ಟಿನಿಂದ ಸಮುದ್ರದ ನಡುವಿನ ದ್ವೀಪದಿಂದ ಚರ್ಚಿನ ಮೇಲೆ ಎಸೆದದ್ದಂತೆ, ಗುರಿ ತಪ್ಪಿತಂತೆ. ಅವನ ಹೆಬ್ಬೆರಳಿನ ಗುರುತನ್ನೂ ತೋರಿಸುತ್ತಾರೆ. ನಾನು ನನ್ನ ಹೆಬ್ಬೆರಳಿಟ್ಟು ಅಳೆಯಹೋದಾಗ ಮೇಟ್ರನ್, "ಬೇಡ ಹುಡುಗೀ, ಹತ್ತು ದಿನ ನನಗೆ ನಿನ್ನ ಕೈ ಬೇಕು" ಎಂದರು. ಸ್ಮಶಾನದ ಗೋಡೆಗೆ ಅಂಟಿಕೊಂಡು ಕಿಟಕಿಯಿಲ್ಲದ ಗಟ್ಟಿಮುಟ್ಟಾದ ಕಲ್ಲಿನ ಕೋಣೆಯೊಂದಿತ್ತು. ಸತ್ತವರನ್ನು ಕಾಪಾಡಲು ಕಟ್ಟಿದ್ದು ಎಂಬ ಬರಹವನ್ನು ಓದಿ ಹೇಳಿದೆ. ಹಿಂದೆ ವೈದ್ಯವಿದ್ಯಾರ್ಥಿಗಳಿಗೆ ಕೊಯ್ದು ಕಲಿಯಲು ಹೆಣ ಬೇಕಾಗಿತ್ತು. ಕಳ್ಳರು ಹೊಸ ಸಮಾಧಿಯನ್ನೇ ಅಗೆದು ಒಯ್ಯುತ್ತಿದ್ದರು. ಅದಕ್ಕೆ ಊರಿನವರು ಹೆಣವನ್ನು ಕೆಲವು ವಾರ ಇಲ್ಲಿ ಬೀಗ ಹಾಕಿ ಇಟ್ಟು, ಕೊಳೆತು ಯಾರಿಗೂ ಬೇಡವಾದ ಮೇಲೆ ಹೂಳುತ್ತಿದ್ದರಂತೆ. ನಾವಿಬ್ಬರೂ ಅದೇ ಶಾಸ್ತ್ರ ಓದಿ ಅನ್ನ ತಿಂದವರು.

ಮೂರನೆಯ ದಿನದಿಂದ ಮೈಲಿಗಲ್ಲಿನ ಬೇಟೆ. ಕ್ರೇಲ್‌ನಿಂದ ಸೇಂಟ್ ಆಂಡ್ರೂಸ್ ಪಟ್ಟಣಕ್ಕೆ ಒಳನಾಡಿನಲ್ಲಿ ಸಾಗುವ ಹಳೆಯ ರಸ್ತೆ. ಅಲ್ಲಿ ಮೈಲಿಗಲ್ಲು ಎಂದರೆ ಕಲ್ಲಲ್ಲ, ಎರಕ ಹೊಯ್ದ ಕಬ್ಬಿಣದ ಮೂರು ಮೂಲೆಯ ಗಿಡ್ಡ ಕಂಬ, ಬಿಳಿ ಬಣ್ಣ, ಉಬ್ಬಿದ ಕಪ್ಪು ಅಕ್ಷರ. ಎರಡನೆಯ ಮಹಾಯುದ್ಧದಲ್ಲಿ ಶತ್ರು ಬಂದಿಳಿದರೆ ದಾರಿ ತಿಳಿಯಬಾರದೆಂದು ಅವನ್ನು ಕೀಳಿಸಿ ಮುಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಹೆಚ್ಚಿನವು ವಾಪಸು ಬಂದವು. ಮೇಟ್ರನ್ ಪಟ್ಟಿಯ ಒಂದು ಬಂದಿರಲಿಲ್ಲ, ಅಥವಾ ಬಂದು ಪೊದೆಯಲ್ಲಿ ಮುಚ್ಚಿಹೋಗಿತ್ತು. ಗಾಡಿಯ ಮೀಟರು ನೋಡಿ ಹಿಂದಿನ ಕಂಬದಿಂದ ಸರಿಯಾಗಿ ಒಂದು ಮೈಲಿಗೆ ನಿಲ್ಲಿಸಿ, ನಾನು ಕೋಲು ಹಿಡಿದು ಬೇಲಿಯ ಬುಡ ಕೆದಕಬೇಕು. ಮೇಟ್ರನ್ ಮಡಿಸುವ ಕುರ್ಚಿಯಲ್ಲಿ ಕುಳಿತು, "ಇನ್ನೂ ಎಡಕ್ಕೆ" ಎಂದು ಆಜ್ಞೆ ಕೊಡಬೇಕು. ಅಲ್ಲಿಯ ತುರಿಕೆಸೊಪ್ಪು ನಮ್ಮ ಊರಿನದಕ್ಕೆ ಏನೂ ಕಡಿಮೆಯಲ್ಲ. ಎರಡು ದಿನಕ್ಕೆ ನನ್ನ ಎರಡೂ ಕೈ ದದ್ದು. ಸಿಕ್ಕಿದ್ದು ಒಂದು ಗಾಡಿಯ ಚಕ್ರದ ಮುಚ್ಚಳ, ಒಂದು ಹಳೆಯ ಬೂಟು.

ಐದನೆಯ ದಿನ ಸಮುದ್ರದಿಂದ ದಟ್ಟ ಮಂಜು ಮೇಲೆ ಬಂತು. ಹದಾ ಘಾಟಿಯ ಮಂಜಿಗಿಂತ ತಣ್ಣಗಿತ್ತು, ಉಪ್ಪಿನ ವಾಸನೆ ಬೇರೆ. ವಾಪಸು ಹೋಗೋಣ ಎಂದೆ. ಅಷ್ಟರಲ್ಲಿ ಒಬ್ಬ ರೈತ ನಾಯಿಯ ಜೊತೆ ಮಂಜಿನೊಳಗಿಂದ ಬಂದು ನಮ್ಮ ಮುಂದೆ ನಿಂತ. ಎಪ್ಪತ್ತರ ಮೇಲಿನ ಪ್ರಾಯ, ಮೊಣಕಾಲಿನವರೆಗೆ ರಬ್ಬರ್ ಬೂಟು. ನನ್ನನ್ನು ನೋಡಿ ಏನೋ ಕೇಳಿದ. ಕುಂದಾಪುರದವರು ವೇಗವಾಗಿ ಮಾತಾಡಿದರೆ ನಮ್ಮ ಕಡೆಯವರಿಗೆ ಆಗುತ್ತದಲ್ಲ, ಹಾಗಾಯಿತು. ಇಂಗ್ಲಿಷೆಂದು ಗೊತ್ತು, ಒಂದು ಪದವೂ ಹಿಡಿಯಲಿಲ್ಲ.

"ಎರಡು ದಿನದಿಂದ ನೋಡುತ್ತಿದ್ದೇನೆ, ನನ್ನ ಬೇಲಿಯಲ್ಲಿ ಏನು ಕಳೆದುಕೊಂಡಿದ್ದೀರಿ ಎನ್ನುತ್ತಿದ್ದಾನೆ" ಎಂದು ಮೇಟ್ರನ್ ನನಗೆ ಹೇಳಿ, ಅವನಿಗೆ ಮೈಲಿಗಲ್ಲಿನ ವಿಷಯ ವಿವರಿಸಿದರು.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನಿಧಾನವಾಗಿ ಹೇಳಿದ, ಈ ಸಲ ನನಗೂ ತಿಳಿಯಿತು: "ಮೂರು ಮೂಲೆಯ ಕಬ್ಬಿಣವಾ? ಅದು ನನ್ನ ಕೊಟ್ಟಿಗೆಯ ಬಾಗಿಲಿಗೆ ಆನಿಸಿಟ್ಟಿದೆ."

ಅವನ ಅಜ್ಜ ಯುದ್ಧದಲ್ಲಿ ಮೇಲಿನವರ ಅಪ್ಪಣೆಯಂತೆ ಕಿತ್ತು ಆಲೂಗಡ್ಡೆಯ ರಾಶಿಯ ಕೆಳಗೆ ಹುಗಿದಿದ್ದನಂತೆ. ಯುದ್ಧ ಮುಗಿದ ಮೇಲೆ ಯಾರಾದರೂ ಕೇಳಲು ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಗಾಳಿಗೆ ಕೊಟ್ಟಿಗೆಯ ಬಾಗಿಲು ಬಡಿಯುತ್ತಿತ್ತು, ಅದಕ್ಕೆ ಬಳಸಿದ. ಮಗ ಬಳಸಿದ, ಮೊಮ್ಮಗನೂ ಬಳಸುತ್ತಿದ್ದಾನೆ.

ಕೊಟ್ಟಿಗೆಯಲ್ಲಿ ಹುಲ್ಲಿನ ವಾಸನೆ, ಅರೆಬೆಳಕು. ಬಾಗಿಲ ಬುಡದಲ್ಲಿ ಸೆಗಣಿ, ತುಕ್ಕು ಮೆತ್ತಿದ ಒಂದು ಗುಡ್ಡೆ. ರೈತ ಬಕೆಟ್ಟಿನಲ್ಲಿ ನೀರು ತಂದು ಸುರಿದ, ನಾನು ಕೈಗೆ ಸಿಕ್ಕ ಗೋಣಿಚೀಲದಿಂದ ತಿಕ್ಕಿದೆ. ಅಕ್ಷರ ಮೇಲೆದ್ದಿತು. ನಾನು ಓದಲು ಬಾಯಿ ತೆರೆದೆ.

"ಓದಬೇಡ" ಎಂದರು ಮೇಟ್ರನ್.

ಒದ್ದೆ ನೆಲದ ಮೇಲೆಯೇ ಮೊಣಕಾಲೂರಿ ಕುಳಿತು, ಎರಡೂ ಅಂಗೈಯಿಂದ ಕಂಬವನ್ನು ಒಮ್ಮೆ ಸವರಿದರು, ರೋಗಿಯ ಹೊಟ್ಟೆ ಪರೀಕ್ಷಿಸುವ ಹಾಗೆ. ಆಮೇಲೆ ತೋರುಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಯಿತು. ತುಟಿ ಅಲುಗುತ್ತಿತ್ತು. "ಕ್ರೇಲ್... ನಾಲ್ಕು." ಇನ್ನೊಂದು ಮುಖಕ್ಕೆ ತಿರುಗಿದರು. "ಸೇಂಟ್ ಆಂಡ್ರೂಸ್... ಆರು." ಎರಡು ವರ್ಷದಲ್ಲಿ ಯಾರ ಸಹಾಯವೂ ಇಲ್ಲದೆ ತಾವು ಓದಿದ ಮೊದಲ ಮಾತು ಇದೇ ಎಂದರು. ರೈತ ಟೋಪಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ. ನಾನು ಅವರ ಹಿಂದೆ ಕುಳಿತು ಬೆನ್ನ ಮೇಲೆ ಕೈಯಿಟ್ಟೆ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಯಾರೂ ಅವರನ್ನು ಹಾಗೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮೂಗು ಒರೆಸಿಕೊಂಡು, "ಯಲ್ಲಾ, ನೋಟ್‌ಬುಕ್ ತೆಗೆ. ಬರೆದುಕೋ" ಎಂದರು. ಅವರ ಪಟ್ಟಿಯ ಕೊನೆಯ ಸಾಲು ನನ್ನ ಕೈಬರಹದಲ್ಲಿದೆ.

ಉಳಿದ ದಿನಗಳಲ್ಲಿ ನಾವು ಯಾವ ಗುರಿಯೂ ಇಲ್ಲದೆ ಸುತ್ತಿದೆವು. ಬೆಟ್ಟದ ಕಡೆ ಹೋಗಿ ಕ್ರೀಫ್ ಎಂಬ ಊರಿನಲ್ಲಿ, ಹಿಂದೆ ದನದ ಸಂತೆ ಸೇರುತ್ತಿದ್ದ ಪೇಟೆಯಲ್ಲಿ ನಿಂತು ಐಸ್‌ಕ್ರೀಮ್ ತಿಂದೆವು. ಬಂದರಿನಲ್ಲಿ ಕೊಂಡ ಹ್ಯಾಡಕ್ ಮೀನಿಗೆ ನಾನು ಊರಿನ ಮಸಾಲೆ ಅರೆದು ಸಾರು ಮಾಡಿದೆ. ಮೇಟ್ರನ್ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಬಟ್ಟಲು ಕೇಳಿದರು. ಹೊರಡುವ ದಿನ ಬಸ್ಸಿನ ಹತ್ತಿರ, "ಕಾರನ್ನು ಈ ವಾರ ಮಾರುತ್ತೇನೆ. ಅದರ ಕೊನೆಯ ಸುತ್ತು ಚೆನ್ನಾಗಿಯೇ ಆಯಿತು" ಎಂದರು. ನಾನು ಕಿಟಕಿಯಿಂದ ಕೈ ಬೀಸಿದೆ. ಆಮೇಲೆ ನೆನಪಾಗಿ ಶಾಲಿನ ತುದಿಯನ್ನು ಹೊರಗೆ ಹಿಡಿದು ಬೀಸಿದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿ ಕೈಯೆತ್ತಿದರು.

ಕಂಬ ರಸ್ತೆಯ ಬದಿಗೆ ವಾಪಸು ಬಂತು. ಕೂಟದವರು ಮೊದಲು ಅದನ್ನು ಹಿಂದುಮುಂದಾಗಿ ನೆಟ್ಟಿದ್ದರಂತೆ. ಒಂದು ವಾರ ಕ್ರೇಲ್‌ಗೆ ಹೋಗುವವರಿಗೆಲ್ಲ ಅದು ಸೇಂಟ್ ಆಂಡ್ರೂಸಿನ ಕಡೆ ತೋರಿಸಿತು. ಬೆರಳಿಟ್ಟು ಓದಿ ತಪ್ಪು ಕಂಡುಹಿಡಿದವರು ಮೇಟ್ರನ್.

ಕಳೆದ ಚಳಿಗಾಲದಲ್ಲಿ ಪುಸ್ತಿಕೆ ಆಸ್ಪತ್ರೆಯ ವಿಳಾಸಕ್ಕೆ ಅಂಚೆಯಲ್ಲಿ ಬಂತು. ದೊಡ್ಡ ಅಕ್ಷರ, ಮೂವತ್ತೋ ನಲವತ್ತೋ ಪುಟ. ನನ್ನ ಗಂಡ ಮೊದಲಿನಿಂದ ಕೊನೆಯವರೆಗೆ ಪ್ರತಿ ಸಾಲನ್ನೂ ಓದಿದರು. ಆ ಮೈಲಿಗಲ್ಲಿನ ಪುಟದ ಕೊನೆಯಲ್ಲಿ, ಅರೇಬಿಯಾದಿಂದ ಬಂದ ಗೆಳತಿಯೊಬ್ಬಳ ನೆರವಿನಿಂದ ಸಿಕ್ಕಿತು ಎಂದಿತ್ತು.

"ಅರೇಬಿಯಾವಾ? ನೀನು ಉಳ್ಳಾಲದವಳಲ್ಲವಾ? ಒಂದು ಮಾತು ಹಾಕ್ಲಿಕ್ಕೆ ಎಂತ ಕಷ್ಟ ಇತ್ತು ಅವರಿಗೆ?" ಎಂದು ರೇಗಿದರು.

ಆ ಶುಕ್ರವಾರ ಫೋನಿನಲ್ಲಿ ಮೇಟ್ರನ್‌ಗೆ ಈ ದೂರು ಮುಟ್ಟಿಸಿದೆ. ಅವರು ಬಹಳ ಹೊತ್ತು ನಕ್ಕರು. ಇನ್ನೊಂದು ಸಲ ಅಚ್ಚು ಹಾಕಿಸುವುದಿದೆ, ಸರಿ ಮಾಡಿಸುತ್ತೇನೆ ಎಂದು, ಬರೆದುಕೊಳ್ಳಲು ಪಕ್ಕದ ಮನೆಯವಳನ್ನು ಕೂಗಿ ಕರೆದರು. ನಾನು ಉಳ್ಳಾಲದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿದೆ. ಅವರು ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳಿದರು.